ತೋಟದ ದಾರಿಯಲ್ಲಿ ಮೋಟಾರ್ ಸೈಕಲ್ಲಿನ ಪಂಕ್ಚರ್ ತಡೆಯುವ ಬಗೆ

ಕುಯ್ಲಿನ ಕಾಲದಲ್ಲಿ ಬೆಳೆಗಾರನಿಗೆ ಒದಗುವ ತಾಪತ್ರಯಗಳನ್ನು ನಮ್ಮ ಸದಸ್ಯ ಬಾಂಧವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಆಳಿನ ಅಭಾವ, ಕಣದಲ್ಲಿ ಹಣ್ಣು ಹರಡಿದಾಗಲೇ ಬರುವ ಅಕಾಲ ಮಳೆ, ದರದ ಏರಿಳಿತ, ಇವುಗಳ ಮುಂದೆ ಮೋಟಾರ್ ಸೈಕಲ್ಲಿನ ಪಂಕ್ಚರ್ ಎಂಬುದು ಬಹಳ ಕ್ಷುಲ್ಲಕ ವಿಷಯವೆಂದು ತೋರಬಹುದು. ಆದರೆ ಸಂಘದ ಸಭೆಗೆ ತಡವಾಗಿ ಬಂದ ಸದಸ್ಯರನ್ನು ಕಾರಣ ಕೇಳಿದರೆ ಮೂರರಲ್ಲಿ ಒಬ್ಬರಾದರೂ ಹಿಂದಿನ ಚಕ್ರ ಕೂತುಹೋದ ಕಥೆಯನ್ನೇ ಹೇಳುತ್ತಾರೆ. ಐದು ಹತ್ತು ಎಕರೆಯ ನಮ್ಮಂಥವರಿಗೆ ಜೀಪು ಎಲ್ಲಿಂದ ಬರಬೇಕು? ಬೈಕೇ ನಮ್ಮ ಜೀಪು, ಅದೇ ಎತ್ತಿನ ಗಾಡಿ, ರಾತ್ರಿ ಹೊತ್ತು ಮನೆಯಲ್ಲಿ ಯಾರಿಗಾದರೂ ಮೈಗೆ ಸರಿಯಿಲ್ಲದಿದ್ದರೆ ಅದೇ ಆಂಬುಲೆನ್ಸು.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಸಕಲೇಶಪುರ, ಆಲೂರು, ಮೂಡಿಗೆರೆ ಮತ್ತು ಕೊಡಗಿನ ಕಡೆ ಆನೆಗಳು ಕಾಫಿ ತೋಟದೊಳಗೇ ಬೀಡುಬಿಡುವುದು ಈಗ ಹೊಸ ಸುದ್ದಿಯಲ್ಲ. ಮುಸ್ಸಂಜೆಯಲ್ಲಿ, ಮನೆಗೆ ಎರಡು ಮೈಲಿ ಇರುವಾಗ, ಗಾಳಿ ಹೋದ ಬೈಕನ್ನು ತಳ್ಳಿಕೊಂಡು ಒಬ್ಬನೇ ನಡೆಯುವುದು ಸಣ್ಣ ಸಂಗತಿಯಲ್ಲ. ಗಾಡಿಯ ಶಬ್ದ, ದೀಪ, ಓಟ ಮೂರೂ ಒಟ್ಟಿಗೆ ಕೈಬಿಟ್ಟಿರುತ್ತವೆ. ಅರಣ್ಯ ಇಲಾಖೆಯವರು ಆನೆಗಳ ಸುಳಿವಿನ ಬಗ್ಗೆ ಮೊಬೈಲಿಗೆ ಕಳಿಸುವ ಸಂದೇಶ ಎಷ್ಟೇ ಉಪಯುಕ್ತವಾದರೂ ಕೂತುಹೋದ ಟೈರಿಗೆ ಅದು ಗಾಳಿ ತುಂಬಲಾರದು. ಆದ್ದರಿಂದ ಈ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯುವುದು ಅವಶ್ಯವೆಂದು ನಮಗೆ ತೋರಿತು.

ಪಂಕ್ಚರ್ ಎಂದರೆ ಮುಳ್ಳು ಅಥವಾ ಮೊಳೆ ಎಂದೇ ಸಾಮಾನ್ಯ ಭಾವನೆ. ಇದು ಅರ್ಧ ಸತ್ಯ ಮಾತ್ರ. ಟಾರು ರಸ್ತೆಯಲ್ಲಿ ಓಡುವ ಗಾಡಿಯ ಮಟ್ಟಿಗೆ ಅದು ನಿಜವಿರಬಹುದು. ಕಲ್ಲು ಬೇರುಗಳ ತೋಟದ ದಾರಿಯಲ್ಲಿ ಮಾತ್ರ ಯಾವ ಮುಳ್ಳೂ ಇಲ್ಲದೆ ಟ್ಯೂಬು ಹರಿಯುವುದುಂಟು. ಇದಕ್ಕೆ ಕಾರಣ ಗಾಳಿ ಕಡಿಮೆಯಿರುವುದು. ಹೇಗೆಂದರೆ, ಟೈರಿನಲ್ಲಿ ಗಾಳಿ ಸಾಲದಿದ್ದಾಗ ಚಕ್ರವು ಕಲ್ಲಿನ ಏಣಿಗೆ ಬಡಿದ ಕ್ಷಣದಲ್ಲಿ ಟೈರು ಪೂರ್ತಿ ಚಪ್ಪಟೆಯಾಗಿ, ಒಳಗಿನ ಟ್ಯೂಬು ಒಂದು ಕಡೆ ಕಲ್ಲು ಇನ್ನೊಂದು ಕಡೆ ರಿಮ್ಮಿನ ಅಂಚು ಇವೆರಡರ ನಡುವೆ ಅಡಕೊತ್ತಿಗೆ ಸಿಕ್ಕ ಅಡಿಕೆಯಂತೆ ಆಗುತ್ತದೆ. ರಿಮ್ಮಿಗೆ ಎರಡು ಅಂಚುಗಳಿರುವುದರಿಂದ ಅನೇಕ ವೇಳೆ ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸೀಳುಗಳು ಕಾಣುತ್ತವೆ, ಹಾವು ಕಚ್ಚಿದ ಗುರುತಿನಂತೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿದಾಗ ಇಂಥ ಜೋಡಿ ಸೀಳು ಕಂಡರೆ ಟೈರಿನಲ್ಲಿ ಮುಳ್ಳು ಹುಡುಕುತ್ತ ಕೂರಬೇಕಾಗಿಲ್ಲ. ಗಾಳಿಯನ್ನು ಅಳೆಯುವ ಅಭ್ಯಾಸ ಮಾಡಿಕೊಂಡರೆ ಸಾಕು.

ಗಾಳಿಯ ಲೆಕ್ಕ

ಇದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಗಾಡಿಯ ಭಾರವನ್ನು ಹೊರುವುದು ಬಹುಪಾಲು ಟೈರಿನ ರಬ್ಬರಲ್ಲ, ಒಳಗಿನ ಗಾಳಿ. ಸ್ಥೂಲವಾಗಿ ಹೇಳುವುದಾದರೆ ಚಕ್ರದ ಮೇಲಿನ ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದರೆ ಟೈರು ನೆಲಕ್ಕೆ ಎಷ್ಟು ಅಗಲ ಒತ್ತಿಕೊಂಡಿದೆ ಎಂಬುದು ಸಿಗುತ್ತದೆ. 28 ಪೌಂಡ್ ಗಾಳಿ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ. ಹಿಂದಿನ ಚಕ್ರದ ಮೇಲೆ 120 ಕಿಲೋ ಭಾರವಿದ್ದರೆ 60 ಚದರ ಸೆಂಟಿಮೀಟರಿನಷ್ಟು ಟೈರು ನೆಲ ಹಿಡಿದಿರುತ್ತದೆ. ಈಗ ಹಿಂದುಗಡೆ 50 ಕಿಲೋದ ಒಂದು ಚೆರ್ರಿ ಮೂಟೆ ಕಟ್ಟಿದೆವೆನ್ನೋಣ. ಅದೇ ಗಾಳಿಯಲ್ಲಿ ಈ ಲೆಕ್ಕ 85ಕ್ಕೆ ಹೋಯಿತು. ಜೊತೆಗೆ ಗಾಳಿಯೂ ಇಳಿದು 18 ಪೌಂಡಿಗೆ ಬಂದಿದ್ದರೆ 130ನ್ನು ದಾಟುತ್ತದೆ. ಎಂದರೆ ಟೈರು ಮೊದಲಿನ ಎರಡರಷ್ಟಕ್ಕೂ ಹೆಚ್ಚು ನೆಲಕ್ಕೆ ಅಪ್ಪಚ್ಚಿಯಾಗಿ, ರಿಮ್ಮು ಕಲ್ಲಿಗೆ ಅಷ್ಟೇ ಸಮೀಪ ಬಂತು. ಹೊರೆ ಹೆಚ್ಚಾದಾಗ ಗಾಳಿಯೂ ಹೆಚ್ಚಾಗಬೇಕೆಂದು ಕಂಪನಿಯವರು ಒಬ್ಬ ಸವಾರನಿಗೆ ಒಂದು ಅಂಕಿ, ಇಬ್ಬರಿಗೆ ಇನ್ನೊಂದು ಅಂಕಿ ಕೊಡುವುದು ಇದಕ್ಕಾಗಿಯೇ. ಆ ಅಂಕಿಗಳು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತವೆ. ಹಲವು ಗಾಡಿಗಳಲ್ಲಿ ಚೈನಿನ ಬಳಿ ಚೀಟಿಯನ್ನೂ ಅಂಟಿಸಿರುತ್ತಾರೆ. ಮೂಟೆಯನ್ನು ಇನ್ನೊಬ್ಬ ಸವಾರನೆಂದೇ ಎಣಿಸಿ ಆ ಎರಡನೆಯ ಅಂಕಿಯಂತೆ ಗಾಳಿ ಹಿಡಿಸತಕ್ಕದ್ದು.

ಇದಕ್ಕೆ ಎದುರಾಗಿ ಒಂದು ವಾದವಿದೆ. ಮಳೆಗಾಲದಲ್ಲಿ ಕೆಸರಿನ ಏರಿನಲ್ಲಿ ಚಕ್ರ ಸುಮ್ಮನೆ ತಿರುಗುವಾಗ ಕೊಂಚ ಗಾಳಿ ಬಿಟ್ಟರೆ ಹಿಡಿತ ಬರುತ್ತದೆ ಎಂದು ನಮ್ಮ ಹುಡುಗರು ಹೇಳುತ್ತಾರೆ. ಅದು ಸುಳ್ಳಲ್ಲ. ಟೈರು ಅಗಲವಾಗಿ ನೆಲ ಹಿಡಿದರೆ ಹಿಡಿತ ಹೆಚ್ಚುತ್ತದೆ. ಕಾಡುದಾರಿಯ ಪಂದ್ಯಗಳಲ್ಲಿ ಓಡಿಸುವವರು ಗಾಳಿಯನ್ನು ಹದಿನೈದು ಪೌಂಡಿನ ಆಸುಪಾಸಿಗೆ ಇಳಿಸುವುದೂ ಉಂಟು. ಆದರೆ ಅವರು ಹಾಕುವುದು ದಪ್ಪ ಟ್ಯೂಬು. ಟೈರು ರಿಮ್ಮಿನ ಮೇಲೆ ಜಾರದಂತೆ ಬಿಗಿಹಿಡಿಯುವ ಒಂದು ಬೋಲ್ಟು ಆ ರಿಮ್ಮಿನಲ್ಲಿ ಇರುತ್ತದೆ. ಮುಖ್ಯವಾಗಿ ಹಿಂದುಗಡೆ ಗೊಬ್ಬರದ ಚೀಲ ಇರುವುದಿಲ್ಲ. ಒಬ್ಬರೇ ಹೋಗುವಾಗ ಕೆಸರಿನ ದಾರಿಗೆಂದು ಮೂರು ನಾಲ್ಕು ಪೌಂಡ್ ಇಳಿಸುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಮೂಟೆ ಹೊರಿಸುವ ಮುಂಚೆ, ಟಾರು ರಸ್ತೆಗೆ ಹತ್ತುವ ಮುಂಚೆ, ಅದನ್ನು ಮರಳಿ ತುಂಬುವವರು ಎಷ್ಟು ಜನ ಎಂಬುದೇ ಪ್ರಶ್ನೆ.

ಗಾಳಿ ಕಡಿಮೆಯಾದಾಗ ಆಗುವ ಇನ್ನೊಂದು ಅನಾಹುತ ಟ್ಯೂಬಿನ ವಾಲ್ವಿನ ಬುಡ ಹರಿಯುವುದು. ಏರಿನಲ್ಲಿ ಕ್ಲಚ್ಚು ಬಿಟ್ಟಾಗ ಅಥವಾ ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಟೈರು ರಿಮ್ಮಿನ ಮೇಲೆ ಕೂದಲೆಳೆಯಷ್ಟು ಜರುಗುತ್ತದೆ. ಟೈರಿನ ಜೊತೆ ಟ್ಯೂಬೂ ಜರುಗುತ್ತದೆ. ವಾಲ್ವು ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ದಿನವೂ ಹೀಗಾಗಿ ಒಂದು ದಿನ ಬುಡದಲ್ಲಿ ಹರಿಯುತ್ತದೆ. ಇದಕ್ಕೆ ಪ್ಯಾಚು ನಿಲ್ಲುವುದಿಲ್ಲ, ಹೊಸ ಟ್ಯೂಬೇ ಗತಿ. ಮುನ್ಸೂಚನೆಯನ್ನು ಕಣ್ಣಿನಿಂದಲೇ ಕಾಣಬಹುದು: ವಾಲ್ವು ರಿಮ್ಮಿನಿಂದ ನೆಟ್ಟಗೆ ನಿಂತಿರಬೇಕು, ಒಂದು ಕಡೆಗೆ ಓರೆಯಾಗಿದ್ದರೆ ಟೈರು ಜರುಗಿದೆ ಎಂದರ್ಥ. ಕೂಡಲೇ ಗಾಳಿ ಬಿಟ್ಟು, ಟೈರನ್ನು ಹಿಂದಕ್ಕೆ ಸರಿಸಿ, ಸರಿಯಾಗಿ ಗಾಳಿ ತುಂಬಿಸಬೇಕು. ವಾಲ್ವಿನ ಮೇಲಿರುವ ಸಣ್ಣ ನಟ್ಟನ್ನು ರಿಮ್ಮಿಗೆ ಬಿಗಿಯುವ ಬದಲು ಮೇಲಕ್ಕೆ ತಿರುಗಿಸಿ ಟೋಪಿಯ ಅಡಿಗೆ ಬಿಗಿದಿಟ್ಟರೆ ವಾಲ್ವಿಗೆ ಕೊಂಚ ಓಲಾಡುವ ಅವಕಾಶ ಸಿಗುತ್ತದೆ. ಓರೆಯಾದದ್ದೂ ಬೇಗ ಕಣ್ಣಿಗೆ ಬೀಳುತ್ತದೆ. ಹಾಗೆಯೇ ಆ ಟೋಪಿಯನ್ನು ಆಟದ ವಸ್ತುವೆಂದು ಭಾವಿಸಬಾರದು. ಅದಿಲ್ಲದಿದ್ದರೆ ಕೆಸರು ಒಳಗಿನ ಪಿನ್ನಿಗೆ ಸೇರಿ ಗಾಳಿ ನಿಧಾನವಾಗಿ ಸೋರುತ್ತದೆ.

ಗಾಳಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ನಮ್ಮಲ್ಲಿ ಎಲ್ಲರ ಪದ್ಧತಿ. ಹದಿನೆಂಟಕ್ಕೂ ಇಪ್ಪತ್ತೆಂಟಕ್ಕೂ ಹೆಬ್ಬೆರಳಿಗೆ ವ್ಯತ್ಯಾಸ ತಿಳಿಯುವುದು ಕಷ್ಟ, ಅದರಲ್ಲೂ ಕತ್ತಿ ಹಿಡಿದು ಗಟ್ಟಿಯಾದ ಹೆಬ್ಬೆರಳಿಗೆ. ಒಂದು ಗೇಜನ್ನು ಕೊಂಡಿಟ್ಟುಕೊಂಡು ವಾರಕ್ಕೊಮ್ಮೆ, ಬೆಳಗ್ಗೆ ಗಾಡಿ ತೆಗೆಯುವ ಮುಂಚೆ ಅಳೆಯಬೇಕು. ಬೆಳಗ್ಗೆಯೇ ಏಕೆಂದರೆ ಸುಮಾರು 6 ಡಿಗ್ರಿ ಶಾಖಕ್ಕೆ ಒಂದು ಪೌಂಡಿನಂತೆ ಗಾಳಿಯ ಒತ್ತಡ ಏರಿಳಿಯುತ್ತದೆ. ಮಧ್ಯಾಹ್ನ ಪೇಟೆಯಲ್ಲಿ ಓಡಿ ಬಿಸಿಯಾದ ಟೈರಿಗೆ ಸರಿಯಾಗಿ ಹಿಡಿಸಿದ ಗಾಳಿ ಡಿಸೆಂಬರಿನ ಮುಂಜಾವಿನ ಚಳಿಯಲ್ಲಿ ಎರಡು ಮೂರು ಪೌಂಡ್ ಕಡಿಮೆ ಇರುತ್ತದೆ.

ಚುಚ್ಚುವ ವಸ್ತುಗಳು

ಇನ್ನು ಮುಳ್ಳಿನ ವಿಷಯ. ನಮ್ಮ ಸೀಮೆಯಲ್ಲಿ ಬಿದಿರು ಮೆಳೆಯ ಮುಳ್ಳು, ಕಾರೆ ಮುಳ್ಳು, ತೋಟದ ನಡುವಿನ ನಿಂಬೆ ಕಿತ್ತಳೆ ಗಿಡಗಳ ಮುಳ್ಳು ಟೈರಿಗೆ ಶತ್ರುಗಳೆಂಬುದು ನಿಜ. ಬೇಲಿಗೆಂದು ಬಿದಿರು ಮುಳ್ಳನ್ನು ದಾರಿಯ ಮೇಲೆಯೇ ಎಳೆದುಕೊಂಡು ಹೋಗಿ, ಮುರಿದದ್ದನ್ನು ಅಲ್ಲೇ ಬಿಡುವುದು ಎಲ್ಲ ತೋಟಗಳಲ್ಲಿ ನಡೆಯುತ್ತದೆ. ಆದರೆ ನಾವು ನೋಡಿದ ಮಟ್ಟಿಗೆ ಮುಳ್ಳಿಗಿಂತ ಹೆಚ್ಚು ಹಾನಿ ಮಾಡುವುದು ನಾವೇ ಕಡಿದು ಬಿಟ್ಟ ಕೂಳೆಗಳು. ದಾರಿಯ ಬದಿಯ ಕುರುಚಲನ್ನು ಕತ್ತಿಯಿಂದ ಓರೆಯಾಗಿ ಸವರಿದಾಗ, ಅಥವಾ ಕಳೆ ಕೊಚ್ಚುವ ಯಂತ್ರ ಹಾಯಿಸಿದಾಗ, ನೆಲದಿಂದ ಎರಡು ಮೂರು ಅಂಗುಲ ಎತ್ತರಕ್ಕೆ ಈಟಿಯಂಥ ಮೊನೆಗಳು ಉಳಿಯುತ್ತವೆ. ಹಸಿಯಾಗಿದ್ದಾಗ ಅವು ಬಾಗುತ್ತವೆ. ಒಣಗಿದ ಮೇಲೆ ಟೈರಿನ ಪಕ್ಕೆಗೇ ನುಗ್ಗುತ್ತವೆ. ಟೈರಿನ ನಡುಭಾಗ ದಪ್ಪ, ಪಕ್ಕೆ ತೆಳ್ಳಗೆ. ಪಕ್ಕೆಗೆ ಬಿದ್ದ ಸೀಳಿಗೆ ಔಷಧವಿಲ್ಲ. ಬೈಕು ಓಡುವ ಜಾಡಿನ ಎರಡೂ ಕಡೆ ಒಂದೊಂದು ಮೊಳದಷ್ಟು ಮಾತ್ರ ಕೂಳೆಗಳನ್ನು ನೆಲಮಟ್ಟಕ್ಕೆ ಕತ್ತರಿಸಿ ಅಥವಾ ಗುದ್ದಲಿಯಿಂದ ಅಗೆದು ತೆಗೆಯುವಂತೆ ಆಳುಗಳಿಗೆ ಹೇಳಬೇಕು. ಅರ್ಧ ದಿನದ ಕೆಲಸ.

ಬೇಲಿಯ ಕೆಲಸದವರು ಬಿಟ್ಟುಹೋಗುವ ಮುಳ್ಳುತಂತಿಯ ತುಂಡು, ಯು ಮೊಳೆ, ಚಪ್ಪರ ಬಿಚ್ಚಿದಾಗ ಉದುರುವ ಮೊಳೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೆಲಸ ಮುಗಿದ ಸಂಜೆ ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ಹಗ್ಗಕ್ಕೆ ಕಟ್ಟಿ ಮಕ್ಕಳ ಕೈಗೆ ಕೊಟ್ಟು ಆ ಜಾಗದಲ್ಲಿ ಎಳೆಸಿದರೆ ಅವರಿಗೂ ಆಟ, ನಮಗೂ ಲಾಭ.

ಮುಂದಿನ ಚಕ್ರಕ್ಕಿಂತ ಹಿಂದಿನ ಚಕ್ರಕ್ಕೇ ಏಕೆ ಹೆಚ್ಚಾಗಿ ಮೊಳೆ ಹೊಗುತ್ತದೆ ಎಂದು ಸದಸ್ಯರೊಬ್ಬರು ಕೇಳಿದ್ದರು. ಮಲಗಿದ ಮೊಳೆಯನ್ನು ಮುಂದಿನ ಚಕ್ರ ಎಬ್ಬಿಸುತ್ತದೆ, ಎದ್ದುನಿಂತ ಮೊಳೆಯ ಮೇಲೆ ಹಿಂದಿನ ಚಕ್ರ ಹತ್ತುತ್ತದೆ. ಹಿಂದೆ ಭಾರವೂ ಹೆಚ್ಚು. ಮುಂದಿನ ಮಡ್‌ಗಾರ್ಡಿಗೆ ನೆಲದ ಸಮೀಪದವರೆಗೆ ಇಳಿಯುವ ರಬ್ಬರಿನ ಪಟ್ಟಿ ಕಟ್ಟಿಕೊಂಡರೆ ಎದ್ದ ಮೊಳೆ ಅದಕ್ಕೆ ಬಡಿದು ಪಕ್ಕಕ್ಕೆ ಸರಿಯುವ ಸಂಭವವಿದೆ. ಖಂಡಿತವೆಂದು ಹೇಳಲಾಗದು, ಖರ್ಚು ಮಾತ್ರ ಏನೂ ಇಲ್ಲ. ಮಳೆಗಾಲದಲ್ಲಿ ಪಂಕ್ಚರ್ ಹೆಚ್ಚಾಗುವುದಕ್ಕೂ ಕಾರಣವಿದೆ. ಒದ್ದೆಯಾದ ರಬ್ಬರನ್ನು ಕತ್ತರಿಸುವುದು ಸುಲಭ, ನೀರು ಎಣ್ಣೆಯಂತೆ ಮೊನೆಗೆ ದಾರಿ ಮಾಡಿಕೊಡುತ್ತದೆ. ಆದ್ದರಿಂದ ಸವೆದ ಟೈರನ್ನು ಬದಲಿಸುವುದಾದರೆ ಜೂನ್ ತಿಂಗಳಿಗೆ ಮುಂಚೆ ಬದಲಿಸಬೇಕು. ಟೈರಿನ ಪಕ್ಕೆಯಲ್ಲಿ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳೋ ಸಣ್ಣ ತ್ರಿಕೋನವೋ ಇದ್ದಲ್ಲಿ, ಅದರ ನೇರಕ್ಕೆ ಗಾಡಿಯ ತಳದಲ್ಲಿ ಸಣ್ಣ ದಿಣ್ಣೆಯಿರುತ್ತದೆ. ಗುಂಡಿಗಳು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಟೈರಿನ ಆಯುಸ್ಸು ಮುಗಿಯಿತು. ಕೊಳ್ಳುವಾಗ ಪಕ್ಕೆಯ ಮೇಲಿನ ನಾಲ್ಕಂಕಿಯನ್ನೂ ಓದಿಕೊಳ್ಳಿ. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ವರ್ಷಗಟ್ಟಲೆ ಅಂಗಡಿಯ ಅಟ್ಟದಲ್ಲಿದ್ದ ಟೈರನ್ನು ಹೊಸದೆಂದು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಒಳಗಿನಿಂದ ಬರುವ ಹಾನಿಯನ್ನು ನಮ್ಮವರು ಗಮನಿಸುವುದೇ ಅಪರೂಪ. ಕಡ್ಡಿಯ ಚಕ್ರಗಳಲ್ಲಿ ಕಡ್ಡಿಗಳ ತುದಿ ರಿಮ್ಮಿನ ಒಳಗಡೆ ಇರುತ್ತದೆ. ಅವುಗಳ ಮೇಲೆ ಒಂದು ರಬ್ಬರಿನ ಪಟ್ಟಿ ಹಾಕಿ ಟ್ಯೂಬನ್ನು ಕಾಪಾಡಿರುತ್ತಾರೆ. ಈ ಪಟ್ಟಿ ಹರಿದು ಸರಿದರೆ, ಅಥವಾ ರಿಮ್ಮು ತುಕ್ಕು ಹಿಡಿದು ಒರಟಾದರೆ, ಟ್ಯೂಬು ಒಳಗಿನಿಂದಲೇ ಸವೆಯುತ್ತದೆ. ಟ್ಯೂಬಿನ ತೂತು ಹೊರಮೈಗೆ ಬದಲಾಗಿ ರಿಮ್ಮಿನ ಕಡೆಗಿದ್ದರೆ ಇದೇ ಕಾರಣ. ನಮ್ಮಲ್ಲಿ ತುಕ್ಕಿಗೆ ಮಳೆಯೊಂದೇ ಸಾಲದೆಂಬಂತೆ ಮೈಲುತುತ್ತವೂ ಸೇರಿಕೊಳ್ಳುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಮಾಡಬಾರದೆಂದು ಎಲ್ಲರಿಗೂ ಗೊತ್ತು, ಏಕೆಂದರೆ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಅದೇ ಮೈಲುತುತ್ತದ ಚೀಲವನ್ನು ಮಳೆಯಲ್ಲಿ ಬೈಕಿನ ಹಿಂದೆ ಕಟ್ಟಿ ತರುವಾಗ ನೀಲಿ ನೀರು ಕಡ್ಡಿಗಳ ಮೇಲೆ ಇಳಿಯುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ! ಪ್ಲಾಸ್ಟಿಕ್ ಹೊದಿಸಿ ತರಬೇಕು, ಮನೆಗೆ ಬಂದ ಮೇಲೆ ಚಕ್ರಕ್ಕೆ ನಾಲ್ಕು ಕೊಡ ನೀರು ಹೊಯ್ಯಬೇಕು. ಪಂಪ್‌ಸೆಟ್ಟಿನ ಡೀಸೆಲ್ ಕ್ಯಾನಿನ ವಿಷಯದಲ್ಲೂ ಹೀಗೆಯೇ. ಡೀಸೆಲ್, ಗ್ರೀಸು, ಸ್ಪ್ರೇ ಎಣ್ಣೆ ಇವೆಲ್ಲ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಟೈರು ಹತ್ತಿಸುವಾಗ ಜಾರಲೆಂದು ಗ್ರೀಸು ಸವರುವ ಮೆಕ್ಯಾನಿಕ್ಕನ್ನು ಕಂಡರೆ ಸೋಪಿನ ನೀರು ತಂದುಕೊಡುವುದು ಮೇಲು.

ಟ್ಯೂಬ್‌ಲೆಸ್ ಒಳ್ಳೆಯದೇ?

ಈ ಪ್ರಶ್ನೆ ಕಚೇರಿಗೆ ಬಹಳ ಬರುತ್ತದೆ. ಟ್ಯೂಬಿಲ್ಲದ ಟೈರಿನಲ್ಲಿ ಮೊಳೆ ಹೊಕ್ಕರೂ ರಬ್ಬರು ಮೊಳೆಯನ್ನು ಬಿಗಿಯಾಗಿ ಹಿಡಿದುಕೊಂಡು ಗಾಳಿ ನಿಧಾನವಾಗಿ ಹೋಗುತ್ತದೆ. ಚಕ್ರ ಬಿಚ್ಚದೆ ಹೊರಗಿನಿಂದಲೇ ಬತ್ತಿ ತುರುಕಿ ಮುಚ್ಚಬಹುದು. ಅಂಥ ಟೈರಿನ ಮೊಳೆಯನ್ನು ಬತ್ತಿ ಸಿದ್ಧವಿಲ್ಲದೆ ಕೀಳಬಾರದು. ಟ್ಯೂಬಿನ ಟೈರಿನಲ್ಲಾದರೋ ಗಾಳಿ ವಾಲ್ವಿನ ತೂತು, ಕಡ್ಡಿಯ ತೂತು ಎಲ್ಲ ಕಡೆಯಿಂದ ಒಮ್ಮೆಲೇ ಹೊರಟುಹೋಗುತ್ತದೆ. ಆದ್ದರಿಂದ ಟಾರು ರಸ್ತೆಯೇ ಹೆಚ್ಚಾಗಿರುವವರಿಗೆ ಟ್ಯೂಬ್‌ಲೆಸ್ ಉತ್ತಮವೆಂಬುದರಲ್ಲಿ ಸಂದೇಹವಿಲ್ಲ. ಕಲ್ಲುದಾರಿಯಲ್ಲಿ ಮಾತ್ರ ಇದಕ್ಕೂ ಒಂದು ದೋಷವಿದೆ. ಅಲಾಯ್ ರಿಮ್ಮಿನ ಅಂಚು ಕಲ್ಲಿಗೆ ಬಡಿದು ನೆಗ್ಗಿದರೆ ಅಲ್ಲಿಂದಲೇ ಗಾಳಿ ಸೋರುತ್ತದೆ. ಕೆಲವೊಮ್ಮೆ ರಿಮ್ಮೇ ಸೀಳುತ್ತದೆ. ಕಡ್ಡಿಯ ಚಕ್ರ ಪೆಟ್ಟನ್ನು ತಾಳಿಕೊಳ್ಳುತ್ತದೆ, ನೆಗ್ಗಿದರೂ ಬಡಿದು ಸರಿಮಾಡಬಹುದು. 2016ರಲ್ಲಿ ಬಂದ ಹಿಮಾಲಯನ್, 2019ರಲ್ಲಿ ಬಂದ ಎಕ್ಸ್‌ಪಲ್ಸ್ 200, ಈ ದುರ್ಗಮ ದಾರಿಯ ಗಾಡಿಗಳು ಮುಂದುಗಡೆ 21 ಅಂಗುಲದ ಕಡ್ಡಿಚಕ್ರ ಮತ್ತು ಟ್ಯೂಬನ್ನೇ ಇಟ್ಟುಕೊಂಡು ಬಂದದ್ದು ಹಳೆಯ ಕಾಲದ ಮೋಹದಿಂದಲ್ಲ. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳಲ್ಲಿ ನಮ್ಮ ಹಿರಿಯರು ತೋಟ ಸುತ್ತಿದ್ದೂ ಕಡ್ಡಿಯ ಚಕ್ರದಲ್ಲಿಯೇ. ಟ್ಯೂಬಿನ ಗಾಡಿಯಿದ್ದವರು ಹಿಂದಿನ ಚಕ್ರಕ್ಕಾದರೂ ದಪ್ಪ ಟ್ಯೂಬು ಹಾಕಿಸಿಕೊಂಡರೆ ಸಾಕು.

ಟ್ಯೂಬಿನೊಳಗೆ ಸುರಿಯುವ ಅಂಟು ದ್ರಾವಣದ ಬಗ್ಗೆ: ಟೈರಿನ ನಡುಭಾಗಕ್ಕೆ ಸಣ್ಣ ಮುಳ್ಳು ಹೊಕ್ಕರೆ ಅದು ಕೆಲಸ ಮಾಡುತ್ತದೆ. ರಿಮ್ಮಿಗೆ ಸಿಕ್ಕಿ ಸೀಳಿದ ಟ್ಯೂಬಿಗೆ, ಪಕ್ಕೆಯ ಸೀಳಿಗೆ, ಹರಿದ ವಾಲ್ವಿಗೆ ಏನೂ ಮಾಡದು. ಒಂದೆರಡು ವರ್ಷದಲ್ಲಿ ಒಣಗಿಯೂ ಹೋಗುತ್ತದೆ. ಹಾಕಿಸಿದವರು ಗಾಳಿ ಅಳೆಯುವುದನ್ನು ಬಿಟ್ಟುಬಿಡುತ್ತಾರೆ ಎಂಬುದೇ ಅದರ ದೊಡ್ಡ ದೋಷವೆಂದು ನಮ್ಮ ಅಭಿಪ್ರಾಯ.

ಇಷ್ಟಾಗಿಯೂ ಪಂಕ್ಚರ್ ಆಗಿಯೇ ಆಗುತ್ತದೆ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿಯ ಟೈರು ಕಟ್ಟಿದಂದಿನಿಂದ ಇದನ್ನು ಪೂರ್ತಿ ತಪ್ಪಿಸಿದವರಿಲ್ಲ. ಹಿಂದಿನ ಚಕ್ರ ಕೂತರೆ ಗಾಡಿಯ ಬಾಲ ಓಲಾಡುತ್ತದೆ, ಮುಂದಿನದು ಕೂತರೆ ಹ್ಯಾಂಡಲು ಭಾರವಾಗುತ್ತದೆ. ಗಾಬರಿಯಿಂದ ಬ್ರೇಕು ಒತ್ತದೆ, ವೇಗವನ್ನು ಮೆಲ್ಲಗೆ ಇಳಿಸಿ, ಕೂತ ಚಕ್ರವನ್ನು ಬಿಟ್ಟು ಇನ್ನೊಂದರ ಬ್ರೇಕನ್ನು ಹಗುರವಾಗಿ ಬಳಸಿ ನಿಲ್ಲಿಸಬೇಕು. ಟ್ಯೂಬಿನ ಗಾಡಿಯಾದರೆ ‘ಇನ್ನೊಂದು ಫರ್ಲಾಂಗು ತಾನೆ’ ಎಂದು ಅದರ ಮೇಲೆಯೇ ಓಡಿಸಬಾರದು. ಒಂದು ಪ್ಯಾಚಿನಲ್ಲಿ ಮುಗಿಯುವುದು ಟ್ಯೂಬು, ಟೈರು ಎರಡಕ್ಕೂ ಬರುತ್ತದೆ.

ರಿಪೇರಿ ಸ್ವತಃ ಮಾಡುವವರಿಗೂ, ಅಂಗಡಿಯಲ್ಲಿ ನಿಂತು ಮಾಡಿಸುವವರಿಗೂ ಒಂದೆರಡು ಮಾತು. ಟ್ಯೂಬು ತೆಗೆಯುವ ಮುಂಚೆ ವಾಲ್ವಿನ ನೇರಕ್ಕೆ ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಟ್ಯೂಬಿನಲ್ಲಿ ತೂತು ಸಿಕ್ಕಿದ ಮೇಲೆ ಆ ಗುರುತಿನಿಂದ ಅಳೆದರೆ ಟೈರಿನಲ್ಲಿ ಮುಳ್ಳು ಇರುವ ಜಾಗ ನೇರವಾಗಿ ಸಿಗುತ್ತದೆ. ಹೊಸ ಟ್ಯೂಬು ಹಾಕಿದ ಮರುದಿನವೇ ಮತ್ತೆ ಪಂಕ್ಚರಾಗುವುದು ಬಹುತೇಕ ಟೈರಿನಲ್ಲೇ ಉಳಿದ ಮುರಿದ ಮುಳ್ಳಿನ ಮೊನೆಯಿಂದ. ಬರಿಗೈಯಿಂದ ತಡವದೆ ಹಳೆಯ ಬಟ್ಟೆಯಿಂದ ಒಳಗೆಲ್ಲ ಒರೆಸಿದರೆ ಬಟ್ಟೆ ಸಿಕ್ಕಿಕೊಂಡಲ್ಲಿ ಮುಳ್ಳಿದೆ. ಪ್ಯಾಚು ಹಾಕುವಾಗ ಟ್ಯೂಬನ್ನು ಚೆನ್ನಾಗಿ ಉಜ್ಜಿ, ಸೊಲ್ಯೂಷನ್ ಸವರಿ, ಅದು ಒಣಗಿ ಬೆರಳಿಗೆ ಅಂಟೂ ಅಂಟದ ಹದಕ್ಕೆ ಬರುವವರೆಗೆ ಕಾಯಬೇಕು. ಹಸಿಯಲ್ಲೇ ಅಂಟಿಸಿದ್ದು ಬಿಸಿಲಿಗೆ ಎದ್ದುಬರುತ್ತದೆ. ಟ್ಯೂಬಿಗೆ ಪೌಡರು ಸವರಿ, ಆಕಾರ ಬರುವಷ್ಟು ಮಾತ್ರ ಗಾಳಿ ಹಿಡಿಸಿ ಟೈರಿನೊಳಗಿಟ್ಟರೆ ಅದು ಮಡಿಚಿಕೊಳ್ಳುವುದಿಲ್ಲ, ಲಿವರಿಗೂ ಸಿಕ್ಕುವುದಿಲ್ಲ.

ಗಾಡಿಯಲ್ಲಿ ಒಂದು ಕೈಪಂಪು, ಎರಡು ಟೈರ್ ಲಿವರು, ಆಕ್ಸಲ್ ನಟ್ಟಿಗೆ ಸರಿಹೊಂದುವ ಸ್ಪಾನರು ಮತ್ತು ಬೇರೆ ಟ್ಯೂಬೊಂದನ್ನು ಇಟ್ಟುಕೊಂಡರೆ ಸಾಕು. ಮುಂದಿನ ಹಿಂದಿನ ಚಕ್ರಗಳ ಅಳತೆ ಬೇರೆಯಾಗಿದ್ದು ಒಂದೇ ಟ್ಯೂಬು ಒಯ್ಯುವುದಾದರೆ ಮುಂದಿನದನ್ನೇ ಒಯ್ಯಿರಿ. ದೊಡ್ಡ ಮುಂದಿನ ಚಕ್ರದ ಟ್ಯೂಬನ್ನು ಹಿಂದಿನದಕ್ಕೆ ತುರುಕಿ ಮನೆ ಸೇರಬಹುದು, ಹಿಂದಿನದನ್ನು ಮುಂದಿನದಕ್ಕೆ ಎಳೆಯುವುದು ಕಷ್ಟ. ಆನೆಯ ಸುಳಿವಿರುವ ಕಡೆ ಹೊತ್ತು ಮುಳುಗಿದ ಮೇಲೆ ಪಂಕ್ಚರಾದರೆ ಮಾತ್ರ ಅಲ್ಲೇ ಕೂತು ಚಕ್ರ ಬಿಚ್ಚುವ ಸಾಹಸ ಬೇಡ. ಗಾಡಿಯನ್ನು ಬಿಟ್ಟು, ಫೋನು ಮಾಡಿ ಯಾರನ್ನಾದರೂ ಕರೆಸಿಕೊಂಡು ಹತ್ತಿರದ ಮನೆಗೆ ಸೇರುವುದು ಕ್ಷೇಮ. ಬೈಕನ್ನು ಬೆಳಗ್ಗೆ ತರಬಹುದು.

ಸಂಘದ ಗೋದಾಮಿನ ಬಾಗಿಲ ಬಳಿ ಒಂದು ಗೇಜು ಮತ್ತು ಕಾಲುಪಂಪನ್ನು ಸದಸ್ಯರ ಉಪಯೋಗಕ್ಕೆ ಇರಿಸಲಾಗಿದೆ. ಗೊಬ್ಬರ ಹೊರಿಸಿಕೊಂಡವರು ಹೊರಡುವ ಮುಂಚೆ ಗಾಳಿ ನೋಡಿಕೊಳ್ಳಬಹುದು. ಗೇಜನ್ನು ಮರೆತು ಜೇಬಿಗೆ ಹಾಕಿಕೊಂಡು ಹೋಗದಿರುವಂತೆ ವಿನಂತಿ. ಇದು ಎರಡನೆಯದು.